ಗಂಗಿಯ ಮರಿಗಳು

ಮನುಷ್ಯನ ಗಂಟಲು ಸೀಳಿದ ನಾಯಿ ಹವಾಲ್ದಾರ್ ಮೇಶ್ರಾಮನ ಬೂಟು ನೆಕ್ಕುತ್ತಿತ್ತು.

"ಮ್ಯಾಡಮ್, ಹಾ ತರ್ ಗರೀಬ್ ಆಹೆ," ಇದು ಪಾಪದ ನಾಯಿ ಅಂತ ಮರಾಠಿಯಲ್ಲಿ ಅಂದ ಮೇಶ್ರಾಮ. ಇಷ್ಟೊತ್ತು ಲಾಠಿ ಹಿಡಿದು ಬಾಗಿಲ ಹೊರಗೇ ನಿಂತಿದ್ದವನು ಈಗ ಬಗ್ಗಿ ಅದರ ಕಿವಿಯ ಹಿಂದೆ ಕೆರೆಯುತ್ತಿದ್ದ. ಆ ನಾಯಿ, ಭೈರ್ಯಾ, ಕಣ್ಣು ಮುಚ್ಚಿ ಕತ್ತು ಚಾಚಿ ಕೊಟ್ಟಿತು.

ಇನ್ಸ್‌ಪೆಕ್ಟರ್ ದಾಕ್ಷಾಯಿಣಿ ಗೋಡೆಗೆ ಒರಗಿ ನೋಡುತ್ತಿದ್ದಳು. ಏಪ್ರಿಲ್ ಬಿಸಿಲಿಗೆ ತಗಡಿನ ಸೂರು ಕಾದು ಚಟಚಟ ಅನ್ನುತ್ತಿತ್ತು. ಇದೇ ಕೊಟ್ಟಿಗೆಯಲ್ಲಿ ಇದೇ ನಾಯಿ ತನ್ನ ಯಜಮಾನ ಗುರುಶಾಂತಪ್ಪನನ್ನು ಕಚ್ಚಿ ಕೊಂದಿತ್ತು. ಆಕಸ್ಮಿಕ ಸಾವು ಅಂತ ಬರೆದು ಎಲ್ಲರೂ ಎದ್ದು ಹೋಗಿದ್ದರು. ದಾಕ್ಷಾಯಿಣಿ ಒಬ್ಬಳು ಎದ್ದಿರಲಿಲ್ಲ. ನಾಳೆ ಬೆಳಿಗ್ಗೆ ಭೈರ್ಯಾನಿಗೆ ಸಾಯುವ ಸೂಜಿ ಚುಚ್ಚುವವರಿದ್ದರು.

ಗುರುಶಾಂತಪ್ಪ ಮುಧೋಳದ ಕಡೆಯವನು. ಊರಿನ ಬೇಟೆನಾಯಿಗಳ ತಳಿಯನ್ನು ನಾಗಪುರಕ್ಕೆ ತಂದು, ಬೆಳೆಸಿ, ಬುಟಿಬೋರಿಯ ಕಾರ್ಖಾನೆಗಳಿಗೆ ಕಾವಲಿಗೆ ಮಾರಿ ದೊಡ್ಡವನಾದವನು. ನಾಯಿಗಳ ನಡುವೆಯೇ ಮುದುಕನಾದವನಿಗೆ ತಾನು ಸಾಕಿದ ನಾಯಿಯ ಮನಸ್ಸು ತಿಳಿಯಲಿಲ್ಲವೆಂದರೆ ಅವಳಿಗೆ ಒಪ್ಪಿಗೆಯಾಗುತ್ತಿರಲಿಲ್ಲ.

"ಅರಬಿ ಚೀಲಾ ಕೊಡು ಇತ್ತ," ಅಂದಳು.

ಸತ್ತ ದಿನ ಮುದುಕನ ಮೈಮೇಲಿದ್ದ ಪಾಯಿಜಾಮ ಆ ಚೀಲದಲ್ಲಿತ್ತು. ನಾಯಿ ಅದನ್ನು ಗುರುತು ಹಿಡಿದು ಮೂಸುತ್ತದೋ, ಗುರ್ ಅನ್ನುತ್ತದೋ ನೋಡೋಣ ಅಂತ ತಂದಿದ್ದಳು, ಅಷ್ಟೇ. ಚೀಲದ ಬಾಯಿ ಬಿಚ್ಚಿದಳು. ಒಣಗಿದ ರಕ್ತದ ನಾತದ ಹಿಂದೆಯೇ ಇನ್ನೊಂದು ವಾಸನೆ ಮೂಗಿಗೆ ಹೊಡೆಯಿತು. ಖಾರ, ತಣ್ಣಗೆ. ನೀಲಗಿರಿ ಎಣ್ಣೆ.

ಭೈರ್ಯಾ ಕಿರುಚಿತು.

ಅದು ಬೊಗಳಿದ್ದಲ್ಲ, ಗುರುಗುಟ್ಟಿದ್ದೂ ಅಲ್ಲ. ಕಾಲಿನ ಮೇಲೆ ಲಾರಿ ಹೋದಾಗ ಬರುವಂಥ ಕೂಗು. ಹಿಂದಕ್ಕೆ ಹಾರಿ ಗೋಡೆಗೆ ಬಡಿದುಕೊಂಡಿತು. ಮೂಲೆ ಸೇರಿ, ಇನ್ನೂ ಹಿಂದಕ್ಕೆ ಹೋಗಲು ಜಾಗವಿಲ್ಲದೆ ಉಗುರಿನಿಂದ ಸಿಮೆಂಟು ಕೆರೆಯಿತು. ಚೀಲ ಹಿಡಿದ ದಾಕ್ಷಾಯಿಣಿ ಅದನ್ನು ಸಂತೈಸಲು ಒಂದು ಹೆಜ್ಜೆ ಮುಂದೆ ಇಟ್ಟದ್ದೇ ತಪ್ಪಾಯಿತು. ಮೂಲೆಯಿಂದ ಅದು ಬಾಣದ ಹಾಗೆ ಅವಳ ಕತ್ತಿಗೇ ಹಾರಿತು.

ಮೇಶ್ರಾಮ ಲಾಠಿಯನ್ನು ಅಡ್ಡ ಹಿಡಿಯದಿದ್ದರೆ ಅವಳ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಬ್ಬರೂ ಹೊರಗೆ ಬಿದ್ದು ಅಗುಳಿ ಎಳೆದರು. ಒಳಗೆ ನಾಯಿ ತಾನೇ ಉಚ್ಚೆ ಹೊಯ್ದ ನೆಲದಲ್ಲಿ ನಡುಗುತ್ತಾ ಮಲಗಿತು.

"ಸಿಟ್ಟಿನಿಂದ ಕೊಂದಿಲ್ಲ," ಅಂದಳು ದಾಕ್ಷಾಯಿಣಿ, ಏದುಸಿರು ಬಿಡುತ್ತಾ. "ಅಂಜಿ ಕೊಂದೈತಿ."

ಚೀಲ ಕಟ್ಟಿಕೊಂಡು ಪಕ್ಕದ ಕೊಟ್ಟಿಗೆಗೆ ಹೋದಳು. ಅಲ್ಲಿ ಚಂಪಿ ಇತ್ತು. ಭೈರ್ಯಾನ ಒಡಹುಟ್ಟು, ಅದೇ ತಂದೆ, ಅದೇ ತಾಯಿ, ಒಂದೇ ಸೂಲು. ಈ ಸಲ ಸರಳಿನ ಹೊರಗೆ ನಿಂತು ಚೀಲ ಬಿಚ್ಚಿದಳು. ಚಂಪಿ ಬಂದು ಮೂಸಿತು. ಒಂದು ಸೀನು ಸೀನಿತು. ಬೇಸರದಿಂದ ತಿರುಗಿ ಹೋಗಿ ನೀರಿನ ಬೋಗುಣಿಯ ಪಕ್ಕ ಬಿದ್ದುಕೊಂಡಿತು.

ಒಂದೇ ರಕ್ತ. ಒಂದಕ್ಕೆ ಆ ವಾಸನೆ ಯಮ, ಇನ್ನೊಂದಕ್ಕೆ ಏನೂ ಅಲ್ಲ. ವ್ಯತ್ಯಾಸ ಒಂದೇ ಇತ್ತು, ಅದು ಎಲ್ಲರಿಗೂ ಗೊತ್ತಿದ್ದದ್ದೇ. ಹುಟ್ಟಿದ ದಿನವೇ ಚಂಪಿಯನ್ನು ಹೆತ್ತ ತಾಯಿಯಿಂದ ಎತ್ತಿ ಬೇರೆ ಬಾಣಂತಿ ನಾಯಿಯ ಮಡಿಲಿಗೆ ಹಾಕಿದ್ದರು. ಭೈರ್ಯಾ ಹೆತ್ತ ತಾಯಿ ಗಂಗಿಯ ಹತ್ತಿರವೇ ಬೆಳೆದಿತ್ತು.

ಗಂಗಿ ಹಿತ್ತಲಿನ ಕೊನೆಯ ಕೊಟ್ಟಿಗೆಯಲ್ಲಿತ್ತು. ಬಡಕಲು ಮುದಿ ನಾಯಿ. ದಾಕ್ಷಾಯಿಣಿ ಚೀಲವನ್ನು ದೂರ ಇಟ್ಟು ಬಂದು, ಅದರ ಮುಂಗಾಲನ್ನು ಮೆಲ್ಲಗೆ ಎತ್ತಿ ನೋಡಿದಳು. ಕಪ್ಪು ಅಂಗಾಲಿನ ಮೇಲೆ ಬಿಳಿ ಗೆರೆಗಳು, ಅಡ್ಡಕ್ಕೆ, ಒಂದರ ಪಕ್ಕ ಒಂದು. ಹಳೆಯ ಸುಟ್ಟ ಗಾಯ. ನಾಲ್ಕೂ ಕಾಲಿಗೆ.

ಹೊಲಕ್ಕೆ ಹಂದಿ ಬಾರದ ಹಾಗೆ ಕಟ್ಟುವ, ಕರೆಂಟು ಹೊಡೆಯುವ ಝಟಕಾ ತಂತಿಯನ್ನು ವಿದರ್ಭದಲ್ಲಿ ನೋಡದವರಿಲ್ಲ. ಈ ಫಾರ್ಮಿನ ಬೇಲಿಗೂ ಅದೇ ಇತ್ತು. ಯಾರೋ ಅದನ್ನು ನೆಲಕ್ಕೆ ಹಾಸಿ ಈ ಮೂಕ ಪ್ರಾಣಿಯನ್ನು ಅದರ ಮೇಲೆ ನಿಲ್ಲಿಸಿದ್ದರು.

* * *

ಡಾಕ್ಟರ್ ಶ್ರೀಶನ ಕೋಣೆಯಲ್ಲಿ ಕೂಲರ್ ಗರ್ರೆನ್ನುತ್ತಿತ್ತು. ಮೈಸೂರಿನ ಪಶುವೈದ್ಯ. ತಾಯಿನಾಯಿಗಳೂ ಮರಿಗಳೂ ಅವನ ಸಂಶೋಧನೆಯ ವಿಷಯ. ಮೂರು ವರ್ಷದ ಹಿಂದೆ ಗುರುಶಾಂತಪ್ಪ ಅವನಿಗೆ ಇಲ್ಲಿ ಜಾಗ ಕೊಟ್ಟಿದ್ದ. ಸಾಯುವ ಮುಂಚಿನ ವಾರ ಖಾಲಿ ಮಾಡು ಅಂದಿದ್ದ, ಅಲ್ಲಿ ಕಲ್ಯಾಣಮಂಟಪ ಕಟ್ಟಿಸುವ ಯೋಚನೆಯಲ್ಲಿ. ಅಷ್ಟು ಸಾಕಿತ್ತು ಅನುಮಾನಕ್ಕೆ.

"ಚಂಪೀನ ತಾಯಿಂದ ಅಗಲಿಸಿದವರು ನೀವ, ಹೌದಲ್ರಿ?"

"ಹೌದು ಮೇಡಂ. ಅದೇ ನನ್ನ ಕೆಲಸ. ಒಂದು ತಾಯಿಯ ಮರಿಯನ್ನು ಇನ್ನೊಂದು ತಾಯಿಗೆ ಕೊಟ್ಟು ನೋಡಿದಾಗಲೇ ಯಾವುದು ರಕ್ತದ್ದು, ಯಾವುದು ಮಡಿಲಿನದ್ದು ಗೊತ್ತಾಗೋದು."

"ನನಗೂ ತಿಳಿಯೂ ಹಂಗ ಹೇಳ್ರಿ."

ಶ್ರೀಶ ಕುರ್ಚಿಗೆ ಒರಗಿದ. ಪಾಠ ಹೇಳುವುದೆಂದರೆ ಅವನಿಗೆ ಇಷ್ಟ. "ನಿಮ್ಮ ಅಡುಗೆಮನೆಯ ಡಬ್ಬಿಗಳನ್ನ ನೆನೆಸಿಕೊಳ್ಳಿ. ಅಪ್ಪ ಅಮ್ಮ ಕೊಡೋದು ಡಬ್ಬಿಗಳನ್ನ. ಒಳಗಿನ ಸಾಮಾನು ಬದಲಾಗಲ್ಲ. ಆದರೆ ಯಾವ ಡಬ್ಬಿಯ ಮುಚ್ಚಳ ಬಿಗೀಬೇಕು, ಯಾವುದು ಸಡಿಲ ಇರಬೇಕು ಅನ್ನೋದನ್ನ ಮೊದಲ ಕೆಲವು ದಿನಗಳಲ್ಲಿ ತಾಯಿ ತೀರ್ಮಾನ ಮಾಡ್ತಾಳೆ. ನೆಕ್ಕಿ, ಅಪ್ಪಿ ಮಲಗಿಸಿಕೊಂಡ ಮರಿಗೆ ಭಯ ಇಳಿಸೋ ಡಬ್ಬಿ ಸಡಿಲವಾಗಿರತ್ತೆ. ಒದ್ದು ತಳ್ಳಿದ ಮರಿಗೆ ಆ ಮುಚ್ಚಳ ಬಿಗಿದು ಕೂತುಬಿಡತ್ತೆ. ಸಾಯೋ ತನಕ ಸುಲಭಕ್ಕೆ ತೆಗೆಯಕ್ಕೆ ಬರಲ್ಲ."

"ವಾಸನಿ?"

"ಅದು ಬೇರೆ. ಅದು ತಾಯಿ ಕಲಿಸೋ ಪಾಠ. ಇಲಿಗಳಲ್ಲಿ ನೋಡಿದೀವಿ. ತಾಯಿಗೆ ಒಂದು ವಾಸನೆ ತೋರಿಸಿ ನೋವು ಕೊಡಿ. ಆಮೇಲೆ ಅವಳು ಮರಿಗಳ ಜೊತೆ ಮಲಗಿರುವಾಗ ಆ ವಾಸನೆ ಮಾತ್ರ ತೋರಿಸಿ, ನೋವು ಬೇಡ. ಅವಳು ಹೆದರ್ತಾಳೆ. ಅವಳ ಮೈಯಿಂದ ಹೆದರಿಕೆಯ ಒಂದು ನಾತ ಬರತ್ತೆ. ಕಣ್ಣು ಬಿಡದ ಮರಿ ಅಷ್ಟರಲ್ಲೇ ಕಲಿತುಬಿಡತ್ತೆ. ತಾನು ಯಾವತ್ತೂ ಪೆಟ್ಟು ತಿಂದಿರಲ್ಲ. ಆದರೂ ಜೀವನಪೂರ್ತಿ ಆ ವಾಸನೆಗೆ ಹೆದರತ್ತೆ."

"ಗಂಗಿಗೂ ಹಂಗ ಮಾಡಿದ್ರಿ."

"ಇಲ್ಲ."

"ಆಕಿ ಅಂಗಾಲ ನೋಡಿ ಬಂದೇನಿ, ಡಾಕ್ಟರ್."

ಶ್ರೀಶನ ಮುಖದಲ್ಲಿ ತಪ್ಪಿತಸ್ಥನ ಗಾಬರಿ ಕಾಣಲಿಲ್ಲ. ಸಿಕ್ಕಿಬಿದ್ದ ಹುಡುಗನ ಕಸಿವಿಸಿ ಕಂಡಿತು. "ನಾನು ಆಗ ಹೈದರಾಬಾದಿನಲ್ಲಿದ್ದೆ. ಗಂಗಿ ಈಯುವ ದಿನಕ್ಕೆ ಬಂದು, ಚಂಪಿಯನ್ನ ಬದಲಿಸಿ, ಮತ್ತೆ ಹೋದೆ. ವಾಪಸ್ಸು ಬಂದಾಗ ಅವಳು ಮರಿಗಳನ್ನ ತುಳೀತಿದ್ದಳು, ಮೂಸಿಯೂ ನೋಡ್ತಿರಲಿಲ್ಲ. ಕಾಲೂ ನೋಡಿದೆ."

"ನೋಡಿ?"

"ನೋಡಿ... ಬರೆದುಕೊಂಡೆ."

"ಯಾರಿಗೂ ಹೇಳಲಿಲ್ಲ?"

"ಮೇಡಂ, ನಾಯಿಗೆ ಹಾಗೆ ಮಾಡೋಕೆ ನನಗೆ ಯಾರೂ ಅನುಮತಿ ಕೊಡ್ತಿರಲಿಲ್ಲ. ಯಾರೋ ಮಾಡಿಬಿಟ್ಟಿದ್ದರು. ಒಂದೇ ಸೂಲಿನ ಮರಿಗಳು, ಒಂದು ಒಳ್ಳೆ ಮಡಿಲಲ್ಲಿ, ಮಿಕ್ಕವು ನರಕದಲ್ಲಿ. ಅಂಥ ಅವಕಾಶ ಮತ್ತೆ ಸಿಗೋದಾ? ತಡೆದಿದ್ದರೆ ಎಲ್ಲಾ ಹಾಳಾಗ್ತಿತ್ತು."

ದಾಕ್ಷಾಯಿಣಿಗೆ ಅವನ ಕೆನ್ನೆಗೆ ಬಾರಿಸುವ ಮನಸ್ಸಾಯಿತು. ಕೈ ಕಟ್ಟಿ ಕೂತಳು. "ಈ ಪಾಠಾ ಮತ್ತ ಯಾರ ಮುಂದ ಹೇಳಿದ್ರಿ?"

"ಬಂದ ಹೊಸದರಲ್ಲಿ ಇವರ ಮನೇಲಿ ಊಟಕ್ಕೆ ಕರೆದಿದ್ದರು. ಆಗ ಹೇಳಿದೆ. ಯಜಮಾನರು ಬಿದ್ದು ಬಿದ್ದು ನಕ್ಕರು. ಮಗಳು ಹರಿಪ್ರಿಯಾ ಮಾತ್ರ ಅರ್ಧ ಊಟದಲ್ಲಿ ಎದ್ದು ಹೋದರು. ಅವರ ಮುಖ ಬಿಳಚಿಕೊಂಡಿತ್ತು."

ಹರಿಪ್ರಿಯಾ. ಅಪ್ಪನ ಸಾವು ಆಕಸ್ಮಿಕವಲ್ಲ, ತನಿಖೆ ಆಗಲಿ ಅಂತ ಅಳುತ್ತಾ ಠಾಣೆಗೆ ಬಂದವಳೇ ಅವಳು.

"ಡಾಕ್ಟರ್, ಬರ್ರಿ ನನ್ನ ಜೋಡಿ. ಮೇಶ್ರಾಮ, ಗಂಗೀನ ಕರಕೊಂಡು ಬಾ."

ಹಗ್ಗ ಹಿಡಿದು ಗಂಗಿಯನ್ನು ತಂದಾಗ ಶ್ರೀಶ ಬಾಗಿಲಲ್ಲಿ ನಿಂತಿದ್ದ. ಅದು ಅವನ ಕೈಯನ್ನು ಮೂಸಿ, ಬಾಲ ಆಡಿಸಿ, ಅವನ ಮೊಣಕಾಲಿಗೆ ತಲೆ ಒರಗಿಸಿತು. ದಾಕ್ಷಾಯಿಣಿ ಅದನ್ನು ಗಮನಿಸಿದಳು. ನಾಯಿ ತನ್ನನ್ನು ಸುಟ್ಟವನನ್ನು ಮರೆಯುವುದಿಲ್ಲ. ಇವನು ಹೇಡಿ, ಆದರೆ ಸುಟ್ಟವನಲ್ಲ.

* * *

ತುಂಬು ಬಸುರಿ ಹರಿಪ್ರಿಯಾ ನಡುಮನೆಯ ದಿವಾನದ ಮೇಲೆ ಕಾಲು ಚಾಚಿ ಕೂತಿದ್ದಳು. ಬಾಣಂತನಕ್ಕೆ ತವರಿಗೆ ಬಂದವಳು. ಒಳಗೆ ಅವಳ ತಾಯಿ ಸುಶೀಲಾಬಾಯಿ ಪಾತ್ರೆ ಸರಿಸುವ ಸದ್ದು ಕೇಳುತ್ತಿತ್ತು.

"ಬರ್ರಿ ಅಕ್ಕಾರ. ಏನರ ಗೊತ್ತಾತೇನ್ರಿ?"

ದಾಕ್ಷಾಯಿಣಿ ಎದುರಿನ ಕುರ್ಚಿಯಲ್ಲಿ ಕೂತಳು. ಚೀಲ ತೊಡೆಯ ಮೇಲಿತ್ತು. ಬಸುರಿಯ ಮುಂದೆ ಹೀಗೆ ಮಾಡಬಾರದು ಅಂತ ಮನಸ್ಸು ಹೇಳಿತು. ನಾಳೆಯ ಸೂಜಿ ನೆನಪಾಯಿತು. ಗಂಟು ಬಿಚ್ಚಿದಳು.

ಹರಿಪ್ರಿಯಾಳ ಮಾತು ಅಲ್ಲೇ ನಿಂತಿತು. ಮೂಗಿನ ಹೊಳ್ಳೆ ಅರಳಿತು, ಕಣ್ಣು ದೊಡ್ಡದಾಯಿತು. ದಿವಾನದ ಮೇಲೆ ಹಿಂದಕ್ಕೆ ಸರಿದಳು, ಮತ್ತೂ ಸರಿದಳು, ಬೆನ್ನು ಗೋಡೆಗೆ ತಾಗಿದರೂ ಕಾಲಿನಿಂದ ಹಾಸಿಗೆಯನ್ನು ಒದೆಯುತ್ತಲೇ ಇದ್ದಳು. ಎರಡೂ ಕೈ ಹೊಟ್ಟೆಗೆ ಅಡ್ಡ. ಬಾಯಿಂದ ಒಂದು ಸಣ್ಣ ಕೂಗು ಹೊರಟಿತು.

ಅದೇ ಕೂಗು. ಕೊಟ್ಟಿಗೆಯಲ್ಲಿ ಕೇಳಿದ್ದು.

ದಾಕ್ಷಾಯಿಣಿ ಗಡಬಡಿಸಿ ಚೀಲ ಕಟ್ಟಿದಳು. "ತಂಗಿ, ಆತು, ಆತು. ಏನೂ ಇಲ್ಲ."

"ಅದನ್ನ... ಒಯ್ರಿ ಅದನ್ನ..." ಹರಿಪ್ರಿಯಾ ಉಸಿರಿಗೆ ಒದ್ದಾಡಿದಳು. "ಸಣ್ಣಾಕಿದ್ದಾಗಿಂದ ನನಗ ಆ ವಾಸನಿ ಆಗಂಗಿಲ್ರಿ. ಯಾಕಂತ ನನಗೂ ಗೊತ್ತಿಲ್ಲ. ಸಾಲ್ಯಾಗ ಯಾರರ ಹಚ್ಚಿಕೊಂಡು ಬಂದ್ರ ಬವಳಿ ಬಂದು ಬೀಳ್ತಿದ್ನಿ. ಈ ಮನ್ಯಾಗ ಆ ಎಣ್ಣಿ ತರೂದ ಇಲ್ಲ."

"ಅವತ್ತು ಡಾಕ್ಟರ್ ಮಾತ ಕೇಳಿ ಎದ್ದು ಹೋದದ್ದು?"

"ನಂದ ಕಥಿ ಹೇಳಾಕತ್ಯಾರ ಅನಸ್ತು, ಅದಕ್ಕ."

ಆ ಎಣ್ಣೆಯ ಬಾಟಲಿಯ ಬಿರಡೆ ತೆಗೆಯಲೂ ಆಗದವಳು ಗಂಗಿಗೆ ಪಾಠ ಕಲಿಸಲಾರಳು. ಇವಳು ಕಲಿಸಿದವಳಲ್ಲ. ಕಲಿತವಳು. ಹಾಗಾದರೆ ಇವಳಿಗೆ ಕಲಿಸಿದ ತಾಯಿ?

"ಯಾಕ ಚೀರಿದಿ, ಹರಿಪ್ರಿಯಾ?"

ಸುಶೀಲಾಬಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗಿನಿಂದ ಬಂದಳು. ತೆಳ್ಳನೆಯ ಹೆಂಗಸು. ಹಣೆಗೆ ವಿಭೂತಿ. ನಾಯಿಗಳ ಕಡೆ ತಾನು ಯಾವತ್ತೂ ಕಾಲಿಟ್ಟವಳಲ್ಲ ಅಂತ ಹೇಳಿಕೆಯಲ್ಲಿ ಬರೆಸಿದ್ದಳು.

ಆಗಷ್ಟೇ ಅಂಗಳದಿಂದ ಹೊಸ್ತಿಲಿಗೆ ಬಂದ ಮೇಶ್ರಾಮ ಹಿಡಿದಿದ್ದ ಹಗ್ಗ ಜಗ್ಗಿತು. ಗಂಗಿ ಹೊಟ್ಟೆಯನ್ನು ನೆಲಕ್ಕೆ ಹಚ್ಚಿ ಮಲಗಿಬಿಟ್ಟಿತ್ತು. ಕಿವಿ ತಲೆಗೆ ಅಂಟಿದ್ದವು. ಅದರ ಕೆಳಗಿನಿಂದ ಉಚ್ಚೆ ಹರಿದು ಬಂದು ಹೊಸ್ತಿಲನ್ನು ಒದ್ದೆ ಮಾಡಿತು. ಅದರ ಕಣ್ಣು ಸುಶೀಲಾಬಾಯಿಯ ಮೇಲಿಂದ ಕದಲಲಿಲ್ಲ.

ಮೇಶ್ರಾಮ ಹಗ್ಗ ಸಡಿಲ ಬಿಟ್ಟ.

ಸುಶೀಲಾಬಾಯಿ ನಾಯಿಯನ್ನು ನೋಡಿದಳು. ಚೀಲವನ್ನು ನೋಡಿದಳು. ಮಗಳನ್ನು ನೋಡಿದಳು. ಆಮೇಲೆ ನಿಧಾನವಾಗಿ ಕೆಳಗೆ ಕೂತಳು, ಬಹಳ ದೂರ ನಡೆದು ಬಂದವಳ ಹಾಗೆ.

"ನನ್ನ ನೆನಪ ಇಟ್ಟೈತಿ," ಅಂದಳು.

"ಬಾಯಾರ, ಯಾಕ?"

"ಇಕಿ ಹೊಟ್ಟ್ಯಾಗಿದ್ದಾಗ ಅವರು ನನ್ನ ಹೊಡೀತಿದ್ರು. ಹಡದ ಮ್ಯಾಲೂ ಬಿಡಲಿಲ್ಲ. ಹೊಡದು ಹೊಡದು ಅವರ ಕೈಗೆ ನೋವು ಬರ್ತಿತ್ತು. ಆ ಕೈಗೆ ನಾನ ನೀಲಗಿರಿ ಎಣ್ಣಿ ತಿಕ್ಕಬೇಕು. ಇನ್ನೊಂದ ಬಗಲಾಗ ಇಕಿ ಮಲೀ ಕುಡೀತಿರ್ತಿದ್ಲು. ನಾ ಗಡಗಡ ನಡುಗ್ತಿದ್ನಿ, ಇಕಿನೂ ನಡುಗ್ತಿದ್ಲು." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಇಕಿ ಯಾಕ ಹಿಂಗಾದ್ಲು ಅಂತ ದೇವರ ಮುಂದ ಅತ್ತೇನಿ, ವೈದ್ಯರ ಮುಂದ ಅತ್ತೇನಿ. ಡಾಕ್ಟರು ಅವತ್ತು ಊಟಕ್ಕ ಕೂತು ಇಲೀ ಕಥಿ ಹೇಳಿದ್ರು ನೋಡ್ರಿ, ನಾ ರೊಟ್ಟಿ ಬಡಸ್ಕೋತ ಕೇಳಿದ್ನಿ. ಅವತ್ತ ತಿಳೀತು. ನನ್ನ ಹಾಲಿನಾಗನ ಕುಡಿಸೇನಿ ಅಂತ."

ಹರಿಪ್ರಿಯಾ ತಾಯಿಯನ್ನು ದಿಟ್ಟಿಸುತ್ತಿದ್ದಳು. ಏದುಸಿರು ನಿಂತಿತ್ತು.

"ಹಂಗಂತ ಗಂಗೀನ ಸುಟ್ರಿ?" ದಾಕ್ಷಾಯಿಣಿಯ ದನಿ ಒರಟಾಯಿತು. "ಆ ಮೂಕ ಜೀವ ನಿಮಗೇನು ಮಾಡಿತ್ತು? ಬಸುರಿ ನಾಯಿಗೆ ಆ ಎಣ್ಣಿ ಮೂಸಿಸಿ, ತಂತಿ ಮ್ಯಾಲೆ ನಿಲ್ಲಿಸಿ? ನಿಮಗ ಅವರು ಮಾಡಿದ್ದನ್ನ ನೀವು ಆಕಿಗೆ ಮಾಡಿದ್ರಲ್ಲ."

"ಹೌದ್ರಿ. ನನಗ ಬರ್ತಿದ್ದ ವಿದ್ಯಾ ಅದೊಂದ."

ಬಾಗಿಲಲ್ಲಿ ನಿಂತ ಶ್ರೀಶ ಮುಖ ತಿರುಗಿಸಿದ.

"ಮತ್ತ ಆ ಮುಂಜಾನೆ?"

"ಇಕಿ ದವಾಖಾನಿಗೆ ತಪಾಸಣಿಗೆ ಹೋಗಿದ್ಲು. ಅವರ ಮೊಣಕಾಲಿಗೆ ಹಚ್ಚೂ ಮುಲಾಮು ತೀರೇತಿ ಅಂದ್ನಿ. ಹೊರಗಿನ ಕಟ್ಟಿ ಮ್ಯಾಲೆ ಕುಂದ್ರಿಸಿ ಎಣ್ಣಿ ತಿಕ್ಕಿದ್ನಿ. ಛಲೋತ್ನಂಗ ತಿಕ್ಕು ಅಂದ್ರು. ಛಲೋತ್ನಂಗನ ತಿಕ್ಕಿದ್ನಿ. ಭೈರ್ಯಾ ಯಾಕೋ ಮಂಕಾಗೇತಿ, ಕೊಟ್ಟಿಗಿಗೆ ಹೋಗಿ ನೋಡಿ ಬರ್ರಿ ಅಂದ್ನಿ." ಸೆರಗು ಸರಿಪಡಿಸಿಕೊಂಡಳು. "ಅವರು ಒಳಗ ಹೋದ ಮ್ಯಾಲೆ ಅಗುಳಿ ನಾನ ಹಾಕಿದ್ನಿ. ಕೂಗಿದ್ರು. ಬಾಳ ಹೊತ್ತೇನೂ ಕೂಗಲಿಲ್ಲ."

ಮೇಶ್ರಾಮನಿಗೆ ಕನ್ನಡ ಅಷ್ಟಕ್ಕಷ್ಟೇ ಬರುತ್ತಿತ್ತು. ಆದರೂ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ.

ದಾಕ್ಷಾಯಿಣಿ ಎದ್ದಳು. ಇಷ್ಟು ವರ್ಷದ ನೌಕರಿಯಲ್ಲಿ ಯಾರನ್ನೂ ಬಂಧಿಸುವಾಗ ಕೈ ಹೀಗೆ ಭಾರವಾಗಿರಲಿಲ್ಲ. "ನಡೀರಿ ಬಾಯಾರ. ಸೀರಿ ಬದಲಿಸಬೇಕಂದ್ರ ಬದಲಿಸಿ ಬರ್ರಿ."

"ಬರ್ತೀನ್ರಿ. ಸಂಜೀ ತನಕ ಕುಂದರಾಕ ಕೊಡ್ರಿ ಸಾಕು."

"ಸಂಜೀ ತನಕ ಯಾಕ?"

ಸುಶೀಲಾಬಾಯಿ ಮಗಳ ಬಲಗೈಯನ್ನು ತನ್ನ ಕಡೆ ಎಳೆದುಕೊಂಡು, ಹಸಿರು ಬಳೆಗಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಮಣಿಕಟ್ಟಿನ ಸುತ್ತ ನೀಲಿಗಟ್ಟಿದ ಬೆರಳುಗಳ ಗುರುತು. ಕೆಲವು ಹಳೆಯವು, ಹಳದಿಗೆ ತಿರುಗಿದ್ದವು. ಕೆಲವು ಹೊಸವು.

"ಅಳಿಯ ಅಭಿಜಿತ್ ಮಾವನ ಮಣ್ಣಿಗೆ ಬಂದಿದ್ದ. ಎಲ್ಲಾ ಮುಗದ ಮ್ಯಾಲೂ ಹೆಂಡ್ತಿ ಜೋಡಿ ಒಂದ ಜಗಳ ತಗದು, ಇವತ್ತು ಮುಂಜಾನೆ ಕೋರಾಡಿಗೆ ವಾಪಸ್ ಹೋದ. ಮನಿಗೆ ಕಾವಲಿಗೆ ಒಂದ ನಾಯಿ ಬೇಕಂದ. ಕಾಳ್ಯಾನ್ನ ಕೊಟ್ಟು ಕಳಿಸೇನಿ."

"ಕಾಳ್ಯಾ ಯಾವ ನಾಯಿ?"

ಉತ್ತರ ಶ್ರೀಶನಿಂದ ಬಂತು. "ಗಂಗಿಯದೇ ಮರಿ, ಮೇಡಂ. ಭೈರ್ಯಾನ ಜೊತೆಗೇ ಬೆಳೆದದ್ದು."

"ಅಳಿಯಗ ಸೊಂಟಾ ಹಿಡದಿತ್ತು," ಅಂದಳು ಸುಶೀಲಾಬಾಯಿ. "ಸಂಜೀಕ ಜಳಕಾ ಮಾಡಿ ಹಚ್ಚಿಕೋ ಅಂತ ಒಂದ ಬಾಟ್ಲಿನೂ ಕಟ್ಟಿ ಕೊಟ್ಟೇನಿ."

ದಾಕ್ಷಾಯಿಣಿ ಫೋನು ತೆಗೆದಳು. "ಮೇಶ್ರಾಮ, ಕೋರಾಡಿ ಠಾಣೆ ಲಗಾ, ಜಲ್ದಿ! ಹರಿಪ್ರಿಯಾ, ಗಂಡನ ನಂಬರ್ ಹೇಳು."

ಹರಿಪ್ರಿಯಾ ಗೋಡೆಗೆ ಒರಗಿಯೇ ಇದ್ದಳು. ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದರಲ್ಲಿ ಅವಳ ಫೋನು.

"ತಂಗಿ, ನಂಬರ್!"

"ನೆನಪಾಗವಲ್ದು, ಅಕ್ಕಾರ."

"ಫೋನ್ ನಿನ್ನ ಕೈಯಾಗ ಐತಿ! ಕೊಡು ಇತ್ತ!"

ಆ ಕೈಯಲ್ಲೇ ಫೋನು ರಿಂಗಣಿಸತೊಡಗಿತು. ಎದುರಿಗಿದ್ದ ದಾಕ್ಷಾಯಿಣಿಗೂ ಪರದೆಯ ಮೇಲಿನ ಹೆಸರು ಕಂಡಿತು. ಅಭಿಜಿತ್.

ದಾಕ್ಷಾಯಿಣಿ ಕೈ ಚಾಚಿ ಮುಂದೆ ಹಾರಿದಳು. ಹರಿಪ್ರಿಯಾ ಆ ಹೆಸರನ್ನು ಒಂದು ಗಳಿಗೆ ನೋಡಿ, ಹೆಬ್ಬೆರಳಿನಿಂದ ಕೆಂಪು ಗುಂಡಿ ಒತ್ತಿದಳು.